ಕಡ ತಂದ ಕೂಸುಗಳು

ಗುಬ್ಬಿಹಾಳದಲ್ಲಿ ಗದ್ದೆಪ್ಪನಿಗಿಂತ ಸಣ್ಣವರು ಯಾರೂ ಇರಲಿಲ್ಲ. ಗದ್ದೆಪ್ಪನಿಗೆ ಮೂವತ್ತು ದಾಟಿ, ಮೀಸೆಯಲ್ಲಿ ಒಂದೆರಡು ಬಿಳಿಗೂದಲು ಇಣುಕುತ್ತಿದ್ದವು. ಅವನ ಅಷ್ಟೂ ಫಜೀತಿಗೆ ಇದೇ ಮೂಲ.

ಹಾಗಂತ ಊರಿಗೆ ಯಾವ ಸ್ವಾಮಿಯ ಶಾಪವೂ ತಟ್ಟಿರಲಿಲ್ಲ. ರಜಾಕಾರರ ಹಾವಳಿಯಲ್ಲಿ ವಯಸ್ಸಿನ ಗಂಡುಹೆಣ್ಣುಗಳೆಲ್ಲ ಹೊಳೆ ದಾಟಿ ಗದಗಿನ ಕಡೆ ಹೋದರು. ಹಾವಳಿ ಮುಗಿಯಿತು, ಹೋದವರಲ್ಲಿ ಅರ್ಧ ಜನಕ್ಕೆ ಅಲ್ಲಿನ ನೀರೇ ಹಿಡಿಸಿತು. ಮರಳಿ ಬಂದ ಅರ್ಧ ಜನ, ಮುನಿರಾಬಾದಿನ ಡ್ಯಾಮಿನ ಹತ್ತಿರ ಹನ್ನೆರಡು ತಿಂಗಳೂ ಕೆಲಸವಂತೆ ಎಂದು ಕೇಳಿ, ಹೆಂಡಿರು ಮಕ್ಕಳನ್ನು ಬಂಡಿಗೆ ಹೇರಿಕೊಂಡು ಅತ್ತ ನಡೆದರು. ಊರಲ್ಲಿ ಉಳಿದವರೆಂದರೆ ಹಡೆಯುವ ವಯಸ್ಸು ದಾಟಿದ ಹೆಂಗಸರು, ಹೊಲ ಬಿಟ್ಟು ಕದಲಲೊಲ್ಲದ ಅವರ ಗಂಡಂದಿರು, ಮತ್ತು ತಾಯಿ ಯಮನೂರಮ್ಮ ಧೋತರದ ಚುಂಗು ಹಿಡಿದು ನಿಲ್ಲಿಸಿಕೊಂಡ ಗದ್ದೆಪ್ಪ. ಸೂಲಗಿತ್ತಿ ಈಗ ಮುದುಕರ ಮೊಣಕಾಲಿಗೆ ಎಣ್ಣೆ ತಿಕ್ಕಿ ಹೊಟ್ಟೆ ಹೊರೆಯುತ್ತಿದ್ದಳು. ಸಾಲಿ ಮಾಸ್ತರ ಖಾಲಿ ಕೋಣೆಗೆ ಮಗ್ಗಿ ಹೇಳಿ ಹೇಳಿ ಬೇಸತ್ತು ವರ್ಗ ಮಾಡಿಸಿಕೊಂಡು ಹೋದ ಮೇಲೆ, ಅಲ್ಲಿ ಅಮರಗುಂಡಪ್ಪಗೌಡರ ಆಡುಗಳನ್ನು ಕಟ್ಟುತ್ತಿದ್ದರು.

ಮಕ್ಕಳು ಹೋದರೂ ಮಕ್ಕಳ ಕೆಲಸ ಮಾತ್ರ ಊರಲ್ಲೇ ಉಳಿಯಿತು. ಪಕ್ಕದ ಮನೆಯಿಂದ ಬೆಂಕಿ ತರುವುದು, ತಪ್ಪಿಸಿಕೊಂಡ ಕೋಳಿ ಹಿಡಿಯುವುದು, ಹುಣಸೆಗಿಡ ಹತ್ತಿ ಕಾಯಿ ಉದುರಿಸುವುದು, "ಓಡಿ ಹೋಗಿ ನೋಡಿ ಬಾ" ಎಂದರೆ ಓಡಿ ಹೋಗಿ ನೋಡಿ ಬರುವುದು, ಎಲ್ಲವೂ ಗದ್ದೆಪ್ಪನ ಪಾಲಿಗೆ. ಮಳೆ ಹಿಂದಾದರೆ ಹುಡುಗರು ಹಲಗೆಯ ಮೇಲೆ ಸಗಣಿಯ ಗುರ್ಜಿ ಬೊಂಬೆ ಹೊತ್ತು ಮನೆಮನೆ ತಿರುಗಬೇಕು, ಮನೆಯವರು ಅವರ ತಲೆಗೆ ಕೊಡ ನೀರು ಸುರಿಯಬೇಕು, ಅದು ಪದ್ಧತಿ. ಹೋದ ವರ್ಷ ಗದ್ದೆಪ್ಪನೇ ಹಲಗೆ ಹೊತ್ತು ಹಾಡಿಕೊಂಡು ತಿರುಗಿದ. ಊರ ಮುದುಕಿಯರು ಬಲು ಹುಮ್ಮಸ್ಸಿನಿಂದ ನೀರು ಸುರಿದರು. ಮಳೆ ಬರಲಿಲ್ಲ, ಗದ್ದೆಪ್ಪನಿಗೆ ನೆಗಡಿ ಬಂತು.

ಇದನ್ನೆಲ್ಲ ಅವನು ನುಂಗಿಕೊಂಡಿದ್ದ. ನುಂಗಲಾರದ ಸಂಗತಿ ಒಂದೇ: ಅವನಿಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಲಿಂಗಸುಗೂರಿನ ಕಡೆಯವರು ಬಂದು ಹೊಲ ನೋಡಿದರು, ಎತ್ತು ನೋಡಿದರು, ಎತ್ತಿನ ಹಲ್ಲು ನೋಡಿದ ಮೇಲೆ ಹುಡುಗನ ಹಲ್ಲನ್ನೂ ನೋಡಿದರು. ಎಲ್ಲ ಒಪ್ಪಿಗೆಯಾಗಿ ಕಂಬಳಿಯ ಮೇಲೆ ಕೂತಾಗ ಅವರ ಜೊತೆ ಬಂದ ಮುದುಕಿಯೊಬ್ಬಳು, "ಇದೇನ್ರಿ, ಬಂದಾಗಿಂದ ಊರಾಗ ಒಂದು ಕೂಸಿನ ಅಳು ಕೇಳಲಿಲ್ಲ?" ಅಂದಳು. ಅಷ್ಟೇ. ತುಟಿಗೆ ಹಚ್ಚಿದ ನೀರಿನ ತಂಬಿಗೆಯನ್ನು ಕೆಳಗಿಟ್ಟು ಎಲ್ಲರೂ ಎದ್ದರು. ಮುಂದೆ ಮುದಗಲ್ಲಿನವರು ಊರ ಅಗಸಿ ಬಾಗಿಲಿಂದಲೇ ಬಂಡಿ ತಿರುಗಿಸಿಕೊಂಡು ಹೋದರು. "ಗುಬ್ಬಿಹಾಳದ ಬಾವಿ ನೀರು ಕುಡಿದ್ರ ಬಸಿರು ನಿಲ್ಲಂಗಿಲ್ಲ" ಎಂಬ ಮಾತು ಸಂತೆಯಿಂದ ಸಂತೆಗೆ ಹಬ್ಬಿಬಿಟ್ಟಿತು.

ಹೀಗಿರುವಾಗ ಒಂದು ಬೆಳಿಗ್ಗೆ ಬಳಗಾನೂರಿನ ಚಾಂದ್‌ಪಾಷಾನ ಬಂಡಿ ಯಮನೂರಮ್ಮನ ಮನೆಯ ಮುಂದೆ ನಿಂತಿತು. ಚಾಂದ್‌ಪಾಷಾ ಉಪ್ಪು, ಜೋಳ ಹೇರಿಕೊಂಡು ಊರೂರು ತಿರುಗುವವನು. ತಿರುಗುತ್ತ ತಿರುಗುತ್ತ ಸಂಬಂಧಗಳನ್ನೂ ಕುದುರಿಸುವವನು.

"ಯಮನೂರಕ್ಕಾ, ಹೋಳಿಗಿಗೆ ಬ್ಯಾಳಿ ಹಾಕು! ಪಾಮನಕಲ್ಲೂರಿನ ಗ್ಯಾನಪ್ಪ ಇವತ್ತ ಮನಿ ನೋಡಾಕ ಬರಾಕತ್ಯಾನ. ಊಟದ ಹೊತ್ತಿಗೆ ಇಲ್ಲಿರ್ತಾನ."

"ಇವತ್ತ? ನಿನ್ನಿ ಹೇಳಾಕ ನಿನ್ನ ಬಾಯಾಗ ಏನ್ ತುಂಬಿತ್ತೋ, ಭಾಡ್ಯಾ?"

"ನಿನ್ನಿ ಹೊತ್ತು ಮುಳುಗೂ ಮುಂದ ಮಸ್ಕ್ಯಾಗ ಸಿಕ್ಕು ಹೇಳಿದ್ನಕ್ಕಾ, ನಾ ಏನ್ ಮಾಡ್ಲಿ?"

ಗ್ಯಾನಪ್ಪನ ಮಗಳು ಅಂಬಮ್ಮನನ್ನು ಗದ್ದೆಪ್ಪ ಮಸ್ಕಿ ಸಂತೆಯಲ್ಲಿ ಒಮ್ಮೆ ನೋಡಿದ್ದ. ಸೊಂಟದ ಮೇಲೊಂದು ಕೂಸು, ಸೆರಗು ಹಿಡಿದೊಂದು, ಮುಂದೊಂದು ಹಿಂದೊಂದು ಓಡಾಡುವವು. ಎಲ್ಲ ಅವಳ ತಮ್ಮ ತಂಗಿಯರು. ಮೆಣಸಿನಕಾಯಿ ಚೀಲ ಕಟ್ಟಲು ಕೈ ಸಾಲದೆ ಅವಳು, "ಅಣ್ಣಾ, ಒಂದೀಟು ಇದನ್ನ ಹಿಡಕೋತೀಯೇನು?" ಎಂದು ಸೊಂಟದ ಕೂಸನ್ನು ಗದ್ದೆಪ್ಪನ ಕೈಗೆ ಕೊಟ್ಟಿದ್ದಳು. ಚೀಲ ಕಟ್ಟಿ, ಉಸಿರು ಬಿಟ್ಟು, ಕೂಸನ್ನು ತಿರುಗಿ ತೆಗೆದುಕೊಳ್ಳುವಾಗ ಸಣ್ಣಗೆ ನಕ್ಕಿದ್ದಳು. ಆ ನಗು ನೋಡಿದಂದಿನಿಂದ ಗದ್ದೆಪ್ಪನಿಗೆ ಊಟ ರುಚಿಸುತ್ತಿರಲಿಲ್ಲ. "ಮಕ್ಕಳಂದ್ರ ಎಷ್ಟು ಜೀವ ಆ ಹುಡುಗಿಗೆ!" ಎಂದು ಎತ್ತುಗಳ ಮುಂದೆ ಹೇಳಿಕೊಂಡು ಉಳುಮೆ ಮಾಡುತ್ತಿದ್ದ. "ಅಣ್ಣಾ" ಅಂದದ್ದನ್ನು ಮಾತ್ರ ಎತ್ತುಗಳಿಗೆ ಹೇಳಿರಲಿಲ್ಲ.

"ಏನ್ ಕೇಳಿದ್ನೋ ಗ್ಯಾನಪ್ಪ? ಹೊಲ ಎಷ್ಟು ಅಂತ ಕೇಳಿದ್ನೇನು?" ಯಮನೂರಮ್ಮ ಆತುರಪಟ್ಟಳು.

"ಹೊಲ ಕೇಳಲಿಲ್ಲ, ಎತ್ತು ಕೇಳಲಿಲ್ಲ, ಹುಡುಗಗ ಕಣ್ಣು ಕಾಲು ನೆಟ್ಟಗದಾವೇನು ಅಂತನೂ ಕೇಳಲಿಲ್ಲ. ಒಂದ ಮಾತು ಕೇಳಿದ. 'ಆ ಊರಾಗ ಹುಡುಗ್ರು ಹುಪ್ಪಡಿ ಹೆಂಗ? ಖರೇ ಹೇಳು' ಅಂದ."

"ನೀ ಏನಂದಿ?"

"ಬಂದ್ ನೋಡ್ರಿ ಅಂದೆ."

ತಾಯಿ ಮಗ ಇಬ್ಬರೂ ತಲೆಯ ಮೇಲೆ ಕೈ ಹೊತ್ತು ಕೂತರು. ಆ ಹೊತ್ತಿಗೆ ಅಮರಗುಂಡಪ್ಪಗೌಡರು ಬಂದರು. ಯಾರ ಮನೆಯಲ್ಲಿ ಏನೇ ಆಗಲಿ, ಗೌಡರಿಗೆ ಅದರ ವಾಸನೆ ತಟ್ಟುತ್ತಿತ್ತು. ಬಂದವರು ಸುಮ್ಮನೆ ಹೋಗುವ ಜಾಯಮಾನವೂ ಅವರದಲ್ಲ. ಸಂಗತಿ ಕೇಳಿ ಮೀಸೆಯ ಮೇಲೆ ಕೈಯಾಡಿಸಿದರು.

"ಅಳಾಕ ಏನಾಗೇತಿ ನಿಮಗ? ಹುಡುಗ್ರು ಬೇಕಂದ್ರ ತರೋದು. ಕಾಲವಿ ತೋಡೋ ಕ್ಯಾಂಪಿನ್ಯಾಗ ಪಾಲಮೂರು ಕೂಲಿಯವರ ಹುಡುಗ್ರು ಇರಬಿ ಇದ್ದಂಗ ಅದಾವ. ಒಂದು ಬಂಡಿ ತುಂಬಿಸ್ಕೊಂಡು ಬಾ."

"ಹುಡುಗ್ರನ್ನ ಕಡ ತರೋದೇನ್ರಿ ಗೌಡ್ರ?"

"ಯಾಕ, ಬಿತ್ತಾಕ ಎತ್ತು ಕಡ ತರಂಗಿಲ್ಲೇನು? ಬೀಜ ಕಡ ತರಂಗಿಲ್ಲೇನು? ನಿಮ್ಮಪ್ಪನ ಮದಿವ್ಯಾಗ ಹಂಡೆ ಕೊಡ ಎಲ್ಲಾ ನಮ್ಮ ಮನೀವು. ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರ ಕಡಿಂದ ತಂದು ಮರ್ಯಾದಿ ಉಳಿಸ್ಕೊಳ್ಳೋದು ನಮ್ಮ ಸೀಮಿ ಪದ್ಧತಿ. ಹೊತ್ತು ಮುಳುಗೂದ್ರಾಗ ತಿರುಗಿ ಮುಟ್ಟಿಸಿದ್ರ ಆತು."

ಗದ್ದೆಪ್ಪನಿಗೆ ಮನಸ್ಸಿರಲಿಲ್ಲ. ಆದರೆ ಅಂಬಮ್ಮನ ನಗು ಕಣ್ಣ ಮುಂದೆ ಬಂತು. ಬಂಡಿ ಹತ್ತಿದ.

ಕಾಲುವೆಯ ಕ್ಯಾಂಪಿನಲ್ಲಿ ಹೆಂಗಸರು ಮಣ್ಣಿನ ಬುಟ್ಟಿ ಹೊರುತ್ತಿದ್ದರು, ಅವರ ಮಕ್ಕಳು ಮಣ್ಣಿನ ದಿಬ್ಬ ಜಾರುತ್ತಿದ್ದವು. ಚಾಂದ್‌ಪಾಷಾ ವಾರಕ್ಕೊಮ್ಮೆ ಅವರಿಗೆ ಜೋಳ ತಂದು ಕೊಡುವವನಾದ್ದರಿಂದ ಮಾತು ಸಲೀಸಾಯಿತು. ಒಂದು ದಿನ ಹೋಳಿಗೆ ಊಟ, ಸಂಜೆಗೆ ವಾಪಸ್ಸು ಎಂದು ಹೇಳಿದ್ದೇ ತಡ, ತಾಯಂದಿರು ಹರಕು ತೆಲುಗುಗನ್ನಡದಲ್ಲಿ, "ತಗೊಂಡ್ ಪೋ ಅಣ್ಣಾ, ನಾವೂ ಇವತ್ತು ನೆಮ್ಮದಿಯಾಗಿ ಬುಟ್ಟಿ ಹೊರತೀವಿ" ಎಂದು ಮಕ್ಕಳನ್ನು ತಾವೇ ಎತ್ತಿ ಬಂಡಿಗೆ ಹಾಕಿದರು. ಇನ್ನೂ ಇಬ್ಬರು ಕೂರಲು ಜಾಗವಿತ್ತು ಎನ್ನುವಾಗ ಐದಾರು ಜನ ಹತ್ತಿದರು. ಬುಜ್ಜಿ ಎಂಬ ಒಂದು ಪುಟ್ಟ ಹುಡುಗಿ ಎಲ್ಲೂ ಜಾಗ ಸಿಗದೆ ಗದ್ದೆಪ್ಪನ ಹೆಗಲೇರಿ ಅವನ ಕಿವಿಗಳನ್ನು ಕಡಿವಾಣದಂತೆ ಹಿಡಿದುಕೊಂಡಳು.

ಊರು ಮುಟ್ಟುವವರೆಗೂ ಚಾಂದ್‌ಪಾಷಾ ಅವರಿಗೆ ಪಾಠ ಹೇಳಿದ. ಯಾರ ಮನೆಗೆ ಹಾಕುತ್ತಾರೋ ಆ ಮನೆಯ ಗಂಡಸಿಗೆ ಅಪ್ಪ ಅನ್ನಬೇಕು, ಹೆಂಗಸಿಗೆ ಅವ್ವ ಅನ್ನಬೇಕು, ಬೇರೆ ಮಾತಾಡಬಾರದು. ಮಕ್ಕಳು ಒಕ್ಕೊರಲಿನಿಂದ "ಅಪ್ಪಾ! ಅವ್ವಾ!" ಎಂದು ಕೂಗಿ ಎತ್ತುಗಳನ್ನು ಬೆದರಿಸಿದವು.

ಗೌಡರ ಅಂಗಳದಲ್ಲಿ ಹಂಚಿಕೆ ನಡೆಯಿತು. ಊರಿಗೆ ಊರೇ ನೆರೆದಿತ್ತು. ಮೊದಮೊದಲು ಮುದುಕಿಯರು ಮೂಗಿನ ಮೇಲೆ ಬೆರಳಿಟ್ಟು, "ಥೂ, ಎಷ್ಟು ಮಣ್ಣು ಮೆತ್ತಿಕೊಂಡಾವ ನೋಡ್ರಿ" ಎಂದರು. ಮಣ್ಣು ತೊಳೆಯಲೆಂದು ಒಂದೊಂದನ್ನು ಎಳೆದುಕೊಂಡು ಹೋದವರು ತಿರುಗಿ ಬರಲಿಲ್ಲ. ಮನೆಮನೆಯಿಂದ ನೀರು ಹುಯ್ಯುವ ಸದ್ದು, ಚೀರಾಟ, ನಗು ಕೇಳತೊಡಗಿತು. ಗೌಡರ ಹೆಂಡತಿ ಶಿವಬಸಮ್ಮನಿಗೆ ಒಂದು ಹುಡುಗ, ಒಂದು ಹುಡುಗಿ ಬಂದವು. "ಮದಿವಿ ಆಗದಾಂವನ ಮನ್ಯಾಗ ಕೂಸು ಇರಬಾರದು, ಅಪಾರ್ಥ ಆಗತೈತಿ" ಎಂದು ಗೌಡರು ಬುಜ್ಜಿಯನ್ನೂ ಶಿವಬಸಮ್ಮನಿಗೇ ಒಪ್ಪಿಸಿದರು. ಬುಜ್ಜಿ ಒಪ್ಪಲಿಲ್ಲ. ಎರಡು ಸಲ ಎಳೆದೊಯ್ದರು, ಎರಡು ಸಲವೂ ಬೇಲಿ ಹಾರಿ ಬಂದು ಗದ್ದೆಪ್ಪನ ಹೆಗಲೇರಿದಳು. ಕೊನೆಗೆ ಯಮನೂರಮ್ಮ ತುಪ್ಪದಲ್ಲದ್ದಿದ ಹೋಳಿಗೆಯ ಆಸೆ ತೋರಿಸಿ ಅವಳನ್ನು ಅಡುಗೆಮನೆಯ ಮೂಲೆಯಲ್ಲಿ ಬಚ್ಚಿಟ್ಟಳು.

ಊಟದ ಹೊತ್ತಿಗೆ ಸರಿಯಾಗಿ ಪಾಮನಕಲ್ಲೂರಿನ ಬಂಡಿ ಬಂತು. ಗ್ಯಾನಪ್ಪ ಸಾದಾ ಸೀದಾ ಮನುಷ್ಯ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು, ಬಹಳ ದಿನದಿಂದ ನಿದ್ದೆಗೆಟ್ಟವನಂತಿದ್ದ. ಜೊತೆಗೆ ಅವನ ಅಕ್ಕ ದ್ಯಾವಮ್ಮ, ಗಟ್ಟಿಮುಟ್ಟಾದ ಹೆಂಗಸು. ಅಗಸಿ ದಾಟುವಾಗ ಇಬ್ಬರ ಮುಖದಲ್ಲೂ ಒಂದು ಬಗೆಯ ಆಸೆ ಇತ್ತು. "ಎಷ್ಟು ತಣ್ಣಗೈತಿ ಊರು!" ಎಂದು ದ್ಯಾವಮ್ಮ ಅನ್ನುವಷ್ಟರಲ್ಲಿ ಹುಣಸೆಗಿಡದಿಂದ ಮಂಗಗಳಂತೆ ಹುಡುಗರು ದಪದಪ ಉದುರಿದರು.

ಗ್ಯಾನಪ್ಪ ಬೆಚ್ಚಿಬಿದ್ದು ಹಗ್ಗ ಬಿಟ್ಟ. ಹುಡುಗರು ಅವನ ಎತ್ತುಗಳನ್ನು ನೊಗದಿಂದ ಬಿಚ್ಚಿ, ಒಬ್ಬೊಬ್ಬರು ಒಂದೊಂದರ ಮೇಲೆ ಹತ್ತಿ, ಹೋ ಎನ್ನುತ್ತ ಊರ ಹೊರಗೆ ಹೊಡೆದುಕೊಂಡು ಹೋದರು.

"ಮೇಯಿಸ್ಕೊಂಡು ಬರ್ತಾವ್ರಿ" ಎಂದು ಗೌಡರು ಹಲ್ಲು ಕಿರಿದರು. "ನಮ್ಮ ಊರ ಹುಡುಗ್ರು ಭಾಳ ಚುರುಕು."

"ಇವೆಲ್ಲಾ... ಇದ ಊರವೇನ್ರಿ?" ಗ್ಯಾನಪ್ಪನ ದನಿ ಸಣ್ಣದಾಗಿತ್ತು.

"ಇದ ಊರವು ಅಂತ ಕೇಳ್ತೀರಲ್ರಿ! ಇವು ಮನ್ಯಾಗ ಉಳದವು ಅಷ್ಟ. ಹೊಲಕ್ಕ ಹೋದವು ಇನ್ನ ಬರಬೇಕು."

ಗ್ಯಾನಪ್ಪನ ಮುಖ ಬಿಳಿಚಿತು. ಅತಿ ಸಂತೋಷಕ್ಕೆ ಹೀಗಾಗುತ್ತದೆ ಎಂದು ಗೌಡರು ಗದ್ದೆಪ್ಪನಿಗೆ ಕಣ್ಣು ಹೊಡೆದರು.

ಪಡಸಾಲೆಯಲ್ಲಿ ಕಂಬಳಿ ಹಾಸಿ ಬೀಗರನ್ನು ಕೂರಿಸಿದರು. ದ್ಯಾವಮ್ಮ ಒಂದು ಹುಡುಗನನ್ನು ಹತ್ತಿರ ಕರೆದು ಹೆಸರು ಕೇಳಿದಳು. ಅವನು ಎದೆ ಸೆಟೆಸಿ ತೆಲುಗಿನಲ್ಲಿ ತನ್ನ ಹೆಸರು, ಅಪ್ಪನ ಹೆಸರು, ಹಸಿವಾಗಿದೆ ಎನ್ನುವುದು, ಎಲ್ಲ ಹೇಳಿದ.

"ಇದೇನು ತೆಲುಗು ಮಾತಾಡತೈತಿ?"

"ಸಾಲ್ಯಾಗ ಕಲಸ್ತಾರ್ರಿ" ಎಂದರು ಗೌಡರು, ರೆಪ್ಪೆ ಬಡಿಯದೆ.

"ಕನ್ನಡ?"

"ಅದಕ್ಕೇನು ಅವಸರ್ರಿ, ನಮ್ಮದ ಭಾಷಾ, ಎಲ್ಲಿ ಹೋಗತೈತಿ!"

ಆಗ ಮಾಳಿಗೆಯ ಮೇಲೆ ಗುಡುಗುಡು ಓಡಾಟ ಕೇಳಿತು. ಬೆಳಕಿಂಡಿಯಲ್ಲಿ ಒಂದು ಮುಖ ಇಣುಕಿತು, ಮುಖ ಹೋಗಿ ಬೇರೇನೋ ಬಂತು, ಗ್ಯಾನಪ್ಪನ ಹೊಸ ರುಮಾಲಿನ ಮೇಲೆ ಬೆಚ್ಚಗೆ ಧಾರೆ ಇಳಿಯಿತು. ಗದ್ದೆಪ್ಪ ಕಣ್ಣು ಮುಚ್ಚಿಕೊಂಡ. ಗೌಡರು ಮಾತ್ರ ಎದೆಗುಂದಲಿಲ್ಲ.

"ಭಾಳ ಶುಭರಿ! ಕೂಸಿನ ಉಚ್ಚಿ ಅಂದ್ರ ಗಂಗವ್ವ ಇದ್ದಂಗ. ಹಿಂತಾ ಊರಿಗೆ ಹೆಣ್ಣು ಕೊಟ್ರ ನಿಮ್ಮ ಮಗಳ ಉಡಿ ಖಾಲಿ ಅನ್ನೋದ ಇಲ್ಲ. ನಮ್ಮ ಬಾವಿ ನೀರಿನ ಗುಣ ಅದು. ಮದಿವ್ಯಾದ ವರ್ಷಕ್ಕ ಅವಳಿ ಜವಳಿ. ಬಡಿಗ್ಯಾರಗ ತೊಟ್ಟಿಲ ಮಾಡಿ ಮಾಡಿ ಕೈ ನೋಯಾಕತ್ಯಾವು."

ನೀರು ಕುಡಿಯುತ್ತಿದ್ದ ದ್ಯಾವಮ್ಮನಿಗೆ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ, ಬಾಯಲ್ಲಿದ್ದ ನೀರನ್ನು ಹೊರಗೆ ಉಗುಳಿ, ತಂಬಿಗೆಯನ್ನು ದೂರ ಸರಿಸಿದಳು. ಗ್ಯಾನಪ್ಪ ರುಮಾಲು ಹಿಂಡಿ ಹೆಗಲಿಗೆ ಹಾಕಿಕೊಂಡು ಎದ್ದು ನಿಂತ.

"ನಾವು ಬರ್ತೀವ್ರಿ."

"ಅಯ್ಯ, ಉಣ್ಣದ? ಹೋಳಿಗಿ ಮಾಡೀನ್ರಿ!" ಎಂದು ಯಮನೂರಮ್ಮ ಓಡಿ ಬಂದಳು. ಹೋಳಿಗೆಯ ಬುಟ್ಟಿ ತರಲು ಒಳಗೆ ಹೋದವಳು ಖಾಲಿ ಬುಟ್ಟಿ ಹಿಡಿದುಕೊಂಡು ಹೊರಬಂದಳು. ಬಾಗಿಲ ಹಿಂದೆ ಯಾರೋ ಕಿಸಕ್ಕೆಂದರು.

ಗದ್ದೆಪ್ಪ ತಡೆಯಲಾರದೆ ಗ್ಯಾನಪ್ಪನ ಎದುರು ನಿಂತ. "ಮಾವಾರ, ಏನ್ ತಪ್ಪಾತು ಹೇಳ್ರಿ. ಹೊಲ ಸಣ್ಣದಾತೇನು? ನಾ ಮನಸಿಗೆ ಬರಲಿಲ್ಲೇನು?"

ಗ್ಯಾನಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. "ನೀ ಭಾಳ ಚಲೋ ಹುಡುಗ ಕಾಣ್ತೀಪಾ. ನಿನ್ನ ತಪ್ಪೇನಿಲ್ಲ. ನಮ್ಮ ಹುಡುಗೀದು ಒಂದ ಹಠ. ದೇವರು ನನಗ ಮನಿ ತುಂಬ ಕೊಟ್ಟಾನ. ಅವರವ್ವ ಹಡೀತಾಳ, ಅಂಬಮ್ಮ ಎತ್ತತಾಳ. ಹಲ್ಲು ಬಿದ್ದು ಹುಟ್ಟೋ ವಯಸ್ಸಿನಿಂದ ಅಕಿ ಸೊಂಟ ಖಾಲಿ ಇದ್ದದ್ದ ನಾ ಕಾಣೆ. 'ಅಪ್ಪಾ, ಕೂಸಿನ ಅಳು ಕೇಳದ ಊರು ಇದ್ರ ಹೇಳು, ಗಂಡ ಕುಂಟ ಇರಲಿ ಕುರುಡ ಇರಲಿ ಮಾಡ್ಕೋತೀನಿ. ಒಂದೆರಡು ವರ್ಷ ಕಣ್ತುಂಬ ನಿದ್ದಿ ಮಾಡ್ತೀನಿ, ಆಮ್ಯಾಲ ನನ್ನವು ನಾ ಹಡಕೋತೀನಿ' ಅಂದಾಳ. ಅಂತಾ ಊರು ಎಲ್ಲಿ ಹುಡುಕೋದಪಾ? ಗುಬ್ಬಿಹಾಳದಾಗ ಮಕ್ಕಳ ಇಲ್ಲ ಅಂತ ಸಂತ್ಯಾಗ ಕೇಳಿದ್ವಿ. ಅಕಿ ಕುಣಕೊಂತ ನಮ್ಮನ್ನ ಬಂಡಿ ಹತ್ತಿಸಿ ಕಳಿಸ್ಯಾಳ. ಬಂದು ನೋಡಿದ್ರ ಇದು ನಮ್ಮ ಮನಿಗಿಂತ ಜಾಸ್ತಿ ಆತು."

ಗದ್ದೆಪ್ಪ ಗ್ಯಾನಪ್ಪನ ಕಾಲು ಹಿಡಿದುಕೊಂಡ.

"ಮಾವಾರ! ಇವು ನಮ್ಮವಲ್ರಿ! ದೇವರಾಣಿ, ಕಡ ತಂದೀನ್ರಿ! ಕಾಲವಿ ಕ್ಯಾಂಪಿನವು! ಈ ಊರಾಗ ಕೂಸು ಅನ್ನೋದ ಇಲ್ರಿ! ಅಂಬಮ್ಮ ಎರಡು ವರ್ಷ ಅಲ್ಲ, ಹತ್ತು ವರ್ಷ ಮಲಗಲ್ರಿ, ನಾ ಬಾಗಿಲ ಕಾಯ್ತೀನಿ!"

ಗ್ಯಾನಪ್ಪನ ಕಣ್ಣಲ್ಲಿ ಮತ್ತೆ ಆಸೆ ಮೂಡಿತು. ಅಕ್ಕನ ಮುಖ ನೋಡಿದ. ದ್ಯಾವಮ್ಮ ಸೆರಗು ಸರಿ ಮಾಡಿಕೊಂಡು, "ಹೆಣ್ಣಿನ ಸಲುವಾಗಿ ಗಂಡಸು ಏನ್ ಬೇಕಾದ್ದು ಹೇಳ್ತಾನ" ಎಂದಳು. "ಇಲ್ಲಿ ಹಿರೇರು ಅದಾರ. ಅವರ ಬಾಯಿಂದ ಒಂದ ಮಾತು ಬರಲಿ, ಇವು ನಮ್ಮವಲ್ಲ ಅಂತ. ಈಗಿಂದೀಗ ಎಲಿ ಅಡಕಿ ತಗೋತೀವಿ."

ಗದ್ದೆಪ್ಪನಿಗೆ ಹೋದ ಜೀವ ಬಂತು. ಅಷ್ಟೇ ತಾನೇ? ತಿರುಗಿ ಗೌಡರ ಕಡೆ ನೋಡಿದ. ಗೌಡರು ಕಟ್ಟೆಯ ಮೇಲೆ ಕೂತಿದ್ದರು. 'ಹಸಿವಾಗಿದೆ' ಅಂದಿದ್ದ ಹುಡುಗ ಹೊಟ್ಟೆ ತುಂಬ ಹೋಳಿಗೆ ತಿಂದು, ಅವರ ತೊಡೆಯ ಮೇಲೆ ಬಾಯಿ ತೆರೆದು ಮಲಗಿದ್ದ. ಒಂದು ಕೈ ಗೌಡರ ಮೀಸೆ ಹಿಡಿದಿತ್ತು.

"ಹೇಳ್ರಿ ಗೌಡ್ರ!"

ಗೌಡರು ಹುಡುಗನನ್ನು ನೋಡಿದರು. ಕೆಮ್ಮಿದರು. ಕೆಮ್ಮಿನ ಸದ್ದಿಗೆ ಹುಡುಗ ಮುಖ ಕಿವುಚಿದ, ಗೌಡರು ಲಗುಬಗೆಯಿಂದ ಅವನ ಬೆನ್ನು ತಟ್ಟಿದರು.

"ನಮ್ಮ ಮೊಮ್ಮಗ್ರಿ" ಎಂದರು ಮೆಲ್ಲಗೆ.

"ಗೌಡ್ರ!"

"ಚೀರಬ್ಯಾಡಲೇ, ಎಚ್ಚರಾಗತೈತಿ" ಎಂದು ಗೌಡರು ಹತ್ತಿರ ಬಂದ ಗದ್ದೆಪ್ಪನ ಕಿವಿಯಲ್ಲಿ ಪಿಸುಗುಟ್ಟಿದರು. "ಇದರ ಮುಂದ ನಮ್ಮದಲ್ಲ ಅನ್ನಾಕ ನನಗ ಬಾಯಿ ಬರವಲ್ದೋ. ಹಿರೇ ಮನಷ್ಯಾ ಅದೀನಿ, ಹೆಂಗ ಅನ್ನಲಿ?"

ಗದ್ದೆಪ್ಪ ಗೌಡರ ಮನೆಗೆ ಓಡಿದ, ಬೀಗರು ಹಿಂದೆ ಹಿಂದೆ ಬಂದರು. ಶಿವಬಸಮ್ಮ ಬಾಗಿಲಲ್ಲಿ ಕೂತು ಹುಡುಗಿಯೊಬ್ಬಳಿಗೆ ತಲೆ ತುಂಬ ಎಣ್ಣೆ ಹಚ್ಚಿ, ತನ್ನ ಮದುವೆಯ ಕಾಲದ ಗೆಜ್ಜೆಯನ್ನು ಅವಳ ಕಾಲಿಗೆ ಎರಡು ಸುತ್ತು ಸುತ್ತುತ್ತಿದ್ದಳು.

"ಯವ್ವಾರ, ಈ ಹುಡುಗಿ ಯಾರದು ಅಂತ ಇವರ ಮುಂದ ಹೇಳ್ರಿ."

"ಯಾರದಂದ್ರ? ಕಣ್ಣಿಲ್ಲೇನಲೇ ನಿನಗ? ಮೂಗು ನೋಡು, ನಮ್ಮ ಗೌಡ್ರ ಮೂಗು" ಎಂದು ಶಿವಬಸಮ್ಮ ಹುಡುಗಿಯನ್ನು ಒಳಗೆ ಕರೆದುಕೊಂಡು ಹೋಗಿ ಕದ ಹಾಕಿಕೊಂಡಳು.

ಮುಂದಿನ ಮನೆಯಲ್ಲೂ ಅದೇ. ಸೂಲಗಿತ್ತಿಯಂತೂ ಒಂದು ಪೋರನನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ನೀರು ಎರೆಯುತ್ತಿದ್ದಳು. ನಾಲ್ಕು ವರ್ಷದ ಹುಡುಗ ಅದು, ಹುಟ್ಟಿದ ಕೂಸಿಗೆ ಮಾಡುವ ಎಲ್ಲ ಉಪಚಾರ ಮಾಡಿಸಿಕೊಂಡು ಕಿರಿಚುತ್ತಿತ್ತು. "ನನ್ನ ಕೈಯಾಗ ಹುಟ್ಟಿದ್ದು!" ಎಂದು ಗದ್ದೆಪ್ಪ ಕೇಳುವ ಮೊದಲೇ ಅವಳು ಆಣೆ ಹಾಕಿದಳು. ಬೆಳಿಗ್ಗೆ ಗದ್ದೆಪ್ಪನ ಸಲುವಾಗಿ ಸುಳ್ಳು ಕಲಿತವರು ಈಗ ತಮ್ಮ ಸಲುವಾಗಿಯೇ ಹೇಳುತ್ತಿದ್ದರು. ಅವನ ಎದೆ ಉರಿಯಿತು, ಆ ಮುಖಗಳನ್ನು ನೋಡಿ ಬೈಯಲೂ ಬರಲಿಲ್ಲ.

ಬೆವರಿಳಿಸಿಕೊಂಡು ಮನೆಗೆ ಬಂದ. ತಾಯಿ ಕಂಬಕ್ಕೆ ಒರಗಿ ಕೂತಿದ್ದಳು. ಉಡಿಯಲ್ಲಿ ಬುಜ್ಜಿ ಮಲಗಿದ್ದಳು, ತುಟಿಯ ತುಂಬ ತುಪ್ಪ. ಯಮನೂರಮ್ಮನ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು.

"ಯವ್ವಾ, ನೀನಾದ್ರೂ ಖರೇ ಹೇಳಬೇ. ನಿನ್ನ ಮಗನ ಬಾಳೇವು ನಿನ್ನ ಬಾಯಾಗ ಐತಿ. ಈ ಕೂಸು ಯಾರದು?"

ಯಮನೂರಮ್ಮ ಮಗನನ್ನು ನೋಡಿದಳು, ಬೀಗರನ್ನು ನೋಡಿದಳು, ಉಡಿಯಲ್ಲಿದ್ದ ಮುಷ್ಟಿಯನ್ನು ನೋಡಿದಳು. ಕಣ್ಣು ತುಂಬಿ ಬಂತು.

"ನಮ್ಮದು" ಎಂದಳು.

ದ್ಯಾವಮ್ಮನ ಹುಬ್ಬು ಹಣೆಗೇರಿತು. "ನಿಮ್ಮದಂದ್ರ? ಮನ್ಯಾಗ ನೀವಿಬ್ಬರ ಇರೋರು. ಹುಡುಗಂದು ಮದಿವಿ ಆಗಿಲ್ಲ ಅಂದಿದ್ರಲ್ಲ?"

ಮಾತಿನ ಸದ್ದಿಗೆ ಬುಜ್ಜಿಗೆ ಎಚ್ಚರವಾಯಿತು. ಗದ್ದೆಪ್ಪನನ್ನು ಕಂಡದ್ದೇ ಎರಡೂ ಕೈ ಚಾಚಿ, ಕಲಿತ ಕನ್ನಡವನ್ನು ಒಪ್ಪಿಸಿದಳು:

"ಅಪ್ಪಾ!"

ಪಾಮನಕಲ್ಲೂರಿನವರು ತಮ್ಮ ಎತ್ತುಗಳನ್ನು ತಾವೇ ಹುಡುಕಿಕೊಂಡು, ತಾವೇ ನೊಗಕ್ಕೆ ಕಟ್ಟಿ ಬಂಡಿ ಹತ್ತಿದರು. ದ್ಯಾವಮ್ಮ ಹೊರಡುವ ಮುಂಚೆ, "ಪುಣ್ಯವಂತರ ಊರವ್ವ ನಿಮ್ಮದು. ಮದಿವಿ ಆಗದವರಿಗೂ ಮಕ್ಕಳಾಗತಾವು" ಎಂದು ಕೈ ಮುಗಿದಳು.

ಇಳಿಹೊತ್ತಿಗೆ ಚಾಂದ್‌ಪಾಷಾ ಬಂಡಿ ಹೂಡಿದ. ಮಕ್ಕಳನ್ನು ಹತ್ತಿಸುವುದಕ್ಕೆ ಬೆಳಗಿನ ಎರಡರಷ್ಟು ಹೊತ್ತು ಹಿಡಿಯಿತು. ಮಕ್ಕಳು ತಡ ಮಾಡಿದ್ದಕ್ಕಿಂತ ಮುದುಕಿಯರು ತಡ ಮಾಡಿದ್ದೇ ಹೆಚ್ಚು. ಒಬ್ಬಳು ಶೇಂಗಾ ಕಟ್ಟಿದಳು, ಒಬ್ಬಳು ಬೆಲ್ಲ ಕಟ್ಟಿದಳು. ಗೌಡರು ಬಂಡಿಯ ಹಿಂದೆ ಅಗಸಿಯವರೆಗೂ ನಡೆದು ಬಂದು, ಹುಡುಗನ ಕೈಯಿಂದ ಮೀಸೆ ಬಿಡಿಸಿಕೊಂಡರು.

ಗದ್ದೆಪ್ಪ ಮುಖ ಊದಿಸಿಕೊಂಡು ಬಂಡಿಯ ಮುಂದೆ ಕೂತಿದ್ದ. ಬುಜ್ಜಿ ಮತ್ತೆ ಅವನ ಹೆಗಲ ಮೇಲಿದ್ದಳು. ಯಮನೂರಮ್ಮ ಹತ್ತಿರ ಬಂದು ಅವಳ ಮೂಗು ಒರೆಸಿದಳು.

"ಯವ್ವಾ, ಮಾತಾಡಸಬ್ಯಾಡ ನನ್ನ. ಹೆತ್ತ ತಾಯಾಗಿ ನನ್ನ ಮದಿವಿ ಮುರದಿ."

"ಮುರದ್ರ ಮುರೀಲಿ ಬಿಡೋ. ಮದಿವಿ ಯಾಕ ಬೇಕಾಗಿತ್ತು ನನಗ? ಮೊಮ್ಮಗಳ ಸಲುವಾಗಿ ಹೌದಲ್ಲೋ?"

"ಮತ್ತ?"

"ಮತ್ತೇನು! ಆ ಹುಡುಗಿ ಬಂದಿದ್ರ, ಅಕಿ ನಿದ್ದಿ ಮುಗಿಯೋತನ ನಾ ಎರಡು ವರ್ಷ ಕಾಯಬೇಕಾಗಿತ್ತು. ಬುಜ್ಜಿ ಆದ್ರ ನಾಳೀಗೇ ಬರ್ತಾಳ" ಎಂದು ಯಮನೂರಮ್ಮ ಎತ್ತಿನ ಬೆನ್ನು ಚಪ್ಪರಿಸಿದಳು. "ಹೊತ್ತು ಹುಟ್ಟೂದ್ರಾಗ ಹೋಗಿ ಕರಕೊಂಡು ಬಾ. ಬ್ಯಾಳಿ ನೆನಿ ಹಾಕೀನಿ."